ಕೆರೆ ತುಂಬಿದ ಮೇಲೆ ಏನನ್ನು ಎಣಿಸಬೇಕು? ಹಕ್ಕಿ, ಗಿಡ, ಕಪ್ಪೆ, ಸ್ಯಾಟಲೈಟ್: ಯಾವುದು ಯಾರಿಗೆ

ಕೆರೆಯ ಹೂಳೆತ್ತಿದರು, ಜಾಲಿ ತೆಗೆದರು, ನೀರು ಬಂತು, ಬಾಗಿನ ಬಿಟ್ಟರು, ಪೇಪರಿನಲ್ಲಿ ಫೋಟೊನೂ ಬಂತು. ಆಮೇಲೆ? ಆ ಕೆರೆಗೆ ಯಾವ ಜೀವ ವಾಪಸ್ ಬಂದಿದೆ, ಯಾವುದು ಬಂದೇ ಇಲ್ಲ ಎಂದು ಕೇಳಿದರೆ ಕೋಲಾರದ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಹಕ್ಕಿ ಜಾಸ್ತಿ ಬರ್ತಾವೆ ಸಾರ್."

ಅದು ಸುಳ್ಳಲ್ಲ. ಆದರೆ ಕೊಳಚೆ ಹೊಂಡಕ್ಕೂ ಹಕ್ಕಿ ಬರುತ್ತವೆ. ಹಕ್ಕಿ ಬಂದ ಮಾತ್ರಕ್ಕೆ ಕೆರೆ ಸರಿಹೋಯಿತು ಎನ್ನಲು ಆಗುವುದಿಲ್ಲ. ಹಾಗಾದರೆ ಏನನ್ನು ಎಣಿಸಬೇಕು? ಗಿಡವನ್ನೋ, ಕಪ್ಪೆಯನ್ನೋ, ಮೀನನ್ನೋ? ಒಂದು ಬೈನಾಕ್ಯುಲರ್ ಸಾಕೋ, ಡ್ರೋನ್ ಬೇಕೋ? ಕೆರೆ ಸಂಘದವರು, ಹೈಸ್ಕೂಲು ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು, ಎನ್‌ಎಸ್‌ಎಸ್ ಹುಡುಗರು ಕೇಳುವುದು ಇದನ್ನೇ. ಈ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎಲ್ಲಕ್ಕೂ ಸಮ ಅಂಕ ಕೊಡುವುದಿಲ್ಲ. ಕೆಲವು ನಮ್ಮ ಕೆರೆಗಳಿಗೆ ಹೇಳಿ ಮಾಡಿಸಿದ ಹಾಗಿವೆ. ಕೆಲವಕ್ಕೆ ದುಡ್ಡು ಹಾಕುವುದು ದಂಡ.

ಮೊದಲು ನಿಮ್ಮದು ಯಾವ ಬಗೆಯ ಕೆರೆ ನೋಡಿ

ನಮ್ಮಲ್ಲಿ ಈಗ ಎರಡು ಬಗೆಯ ಕೆರೆಗಳಿವೆ. ಒಂದು, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುವ ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ನೀರು ಬಿದ್ದಲ್ಲಿಂದ ಈ ಕಥೆ ಶುರು. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಕಡೆಗೆ ಬರುವುದು ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು. ಎರಡನೆಯದು, ಮಳೆಯನ್ನೇ ನಂಬಿಕೊಂಡ ಕೆರೆ. ನರೇಗಾದಲ್ಲೋ ಅಮೃತ ಸರೋವರದಲ್ಲೋ ಹೂಳೆತ್ತಿಸಿಕೊಂಡು, ಒಳ್ಳೆ ಮಳೆ ಬಂದ ವರ್ಷ ತುಂಬಿ, ಬೇಸಿಗೆಗೆ ಅಂಗಳ ಬಿರುಕು ಬಿಡುವ ಕೆರೆ.

ಈ ಎರಡರಲ್ಲೂ ಒಂದೇ ಜೀವಗಳನ್ನು ಹುಡುಕಿದರೆ ಲೆಕ್ಕ ತಪ್ಪುತ್ತದೆ. ವರ್ಷಪೂರ್ತಿ ನೀರು ನಿಂತರೆ ನಾಮದ ಕೋಳಿ, ಗುಳುಮುಳುಕ, ನೇರಳೆ ಜಂಬುಕೋಳಿಯಂಥ ನೀರುಹಕ್ಕಿಗಳಿಗೆ ಹಬ್ಬ. ಆಪು ಎಂಬ ಜೊಂಡು ಬೆಳೆಯುತ್ತದೆ. ನೀರಿನಲ್ಲಿ ಸಾರಜನಕ, ರಂಜಕ ಉಳಿದಿದ್ದರೆ ವಾಟರ್ ಹಯಸಿಂತ್ ಎಂಬ ತೇಲುವ ಕಳೆ ಕೂಡ ಬೆಳೆಯುತ್ತದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರಿನಲ್ಲಿ ಅವು ಪೂರ್ತಿ ಹೋಗುವುದಿಲ್ಲ. ಮೂರನೇ ಹಂತ ಬೇಕೇ ಬೇಕು ಎಂದು ಜಿಲ್ಲೆಯಲ್ಲಿ ಹೋರಾಟ ನಡೆದಿರುವುದು ಸುಮ್ನೆ ಅಲ್ಲ. ಮಳೆ ಕೆರೆಯ ಸೊಗಸೇ ಬೇರೆ. ನೀರು ಇಳಿಯುತ್ತಾ ಹೋದ ಹಾಗೆ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ಚಳಿಗಾಲದ ಗದ್ದೆಗೊರವಗಳು ಅಲ್ಲೇ ಮೇಯುತ್ತವೆ, ನೂರಾರು ಸಣ್ಣ ಗಿಡಗಳು ಅಲ್ಲೇ ಮೊಳೆಯುತ್ತವೆ. ಕೆರೆ ಒಣಗಿತು ಎಂದರೆ ಸತ್ತಿತು ಎಂದಲ್ಲ. ಒಣಗುವುದೂ ಅದರ ಬದುಕಿನ ಒಂದು ಭಾಗ.

ಇನ್ನೊಂದು ಮಾತು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ನಿಮ್ಮ ಕೆರೆಯ ಜೊತೆಗೆ, ಹತ್ತಿರದಲ್ಲೇ ಇರುವ, ಯಾವ ಕಾಮಗಾರಿಯೂ ಆಗದ ಇನ್ನೊಂದು ಕೆರೆಯನ್ನೂ ಅದೇ ರೀತಿ ಎಣಿಸಿ. ಅದನ್ನು ಸಾಕ್ಷಿ ಕೆರೆ ಎಂದು ಕರೆಯೋಣ. ಯಾಕೆ ಬೇಕು? 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸುರಿದ ಮಳೆ ನೆನಪಿದೆ ಅಲ್ವಾ? ಎಷ್ಟೋ ವರ್ಷದಿಂದ ಕೋಡಿ ಕಾಣದ ಕೆರೆಗಳೂ ಕೋಡಿ ಹರಿದವು. ಆ ವರ್ಷ ಹೂಳೆತ್ತಿದ ಕೆರೆಗೂ ಹಕ್ಕಿ ಬಂದವು, ಎತ್ತದ ಕೆರೆಗೂ ಬಂದವು. ಒಂದೇ ಕೆರೆಯನ್ನು ನೋಡಿದವರು "ನಮ್ಮ ಕೆಲಸದಿಂದಲೇ ಬಂದವು" ಎಂದುಕೊಂಡಿರುತ್ತಾರೆ. ಮಳೆ ಮಾಡಿದ್ದು ಎಷ್ಟು, ಜೆಸಿಬಿ ಮಾಡಿದ್ದು ಎಷ್ಟು ಎಂದು ಬಿಡಿಸಿ ಹೇಳಲು ಸಾಕ್ಷಿ ಕೆರೆಯೇ ಬೇಕು.

ಹಕ್ಕಿ ಎಣಿಕೆ: ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಜಾಸ್ತಿ ಮೋಸ

ಸುಲಭ ಹೇಗೆ ಎಂದರೆ, ಬೇಕಾಗುವುದು ಒಂದು 8x40 ಬೈನಾಕ್ಯುಲರ್, ಒಂದು ನೋಟ್‌ಬುಕ್, ಬೆಳಗಿನ ಒಂದು ಗಂಟೆ. ಏರಿಯ ಮೇಲೆ ನಾಲ್ಕು ಜಾಗ ಗುರುತು ಮಾಡಿಕೊಳ್ಳಿ. ಒಂದೊಂದರಲ್ಲೂ 15 ನಿಮಿಷ ನಿಂತು, ಎಡದಿಂದ ಬಲಕ್ಕೆ ಒಂದೇ ಸಲ ನೋಡುತ್ತಾ ಎಣಿಸಿ. ಹಿಂದಕ್ಕೆ ತಿರುಗಿ ಎಣಿಸಿದರೆ ಅದೇ ಬಾತು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಫಲಿತಾಂಶವನ್ನು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ವೆಬ್‌ಸೈಟ್‌ಗೆ ಪೂರ್ತಿ ಪಟ್ಟಿಯಾಗಿ ಹಾಕಿ. ಪೂರ್ತಿ ಪಟ್ಟಿ ಎಂದರೆ ಗುರುತು ಹಿಡಿದ ಎಲ್ಲ ಹಕ್ಕಿಯನ್ನೂ ಬರೆಯುವುದು. ಕಾಗೆ, ಮೈನಾ ಕೂಡ. ಅಪರೂಪದ್ದನ್ನು ಮಾತ್ರ ಬರೆದರೆ, ಮುಂದೆ ಯಾರಾದರೂ "ಗುಳುಮುಳುಕ ಕಡಿಮೆಯಾಯಿತಾ" ಎಂದು ಕೇಳಿದಾಗ ಉತ್ತರ ಇರುವುದಿಲ್ಲ.

ವರ್ಷಕ್ಕೆ ಒಂದೇ ಸಲ ಮಾಡಲು ಆಗುವುದಾದರೆ ಜನವರಿ ಇಟ್ಟುಕೊಳ್ಳಿ. ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದೂ ಅದೇ ತಿಂಗಳು. 1987ರಿಂದ ನಡೆಯುತ್ತಿರುವ ಆ ಗಣತಿಯಲ್ಲಿ ನಿಮ್ಮ ಕೆರೆಯ ಹೆಸರೂ ಸೇರುತ್ತದೆ. ನಾಲ್ಕು ಸಲ ಆಗುವುದಾದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್.

ಇನ್ನು ಮೋಸದ ವಿಷಯ. ಹಕ್ಕಿಗೆ ರೆಕ್ಕೆ ಇದೆ. ಅದು ನಿಮ್ಮ ಕೆರೆಗೆ ಮೇಯಲು ಬಂದಿರಬಹುದು, ದಣಿವಾರಿಸಿಕೊಳ್ಳಲು ಬಂದಿರಬಹುದು, ಪಕ್ಕದ ಕೆರೆ ಒಣಗಿದ್ದಕ್ಕೆ ಓಡಿ ಬಂದಿರಬಹುದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ, ಮೀನಿಗೆ ಸುತ್ತಲಿನ ಕೆರೆಗಳಿಗೆ ಹಾರುತ್ತವೆ. ಅಂಥ ಹಕ್ಕಿಯನ್ನು ಒಂದು ಕೆರೆಯಲ್ಲಿ ಕಂಡರೆ ಅದು ಆ ಕೆರೆಯ ಸಾಧನೆ ಎನ್ನಲು ಆಗುತ್ತದಾ? ಮೆಟ್ಟುಗಾಲು ಹಕ್ಕಿ, ಶವಲರ್ ಬಾತು ಇವೆರಡು ಕೊಳಕು ನೀರಿನಲ್ಲೂ ದಂಡಿಯಾಗಿ ಮೇಯುತ್ತವೆ. ಇವುಗಳ ಸಂಖ್ಯೆ ಒಂದೇ ಸಮನೆ ಏರುತ್ತಾ ಉಳಿದವು ಇಳಿಯುತ್ತಿದ್ದರೆ ಅದು ಖುಷಿಯ ಸುದ್ದಿ ಅಲ್ಲ.

ಆದ್ದರಿಂದ ತಲೆ ಎಣಿಸುವುದರ ಜೊತೆಗೆ ಗೂಡು ಮತ್ತು ಮರಿ ಎಣಿಸಿ. ಗುಳುಮುಳುಕ ಬೆನ್ನ ಮೇಲೆ ಮರಿ ಹೊತ್ತು ತೇಲುತ್ತಿದ್ದರೆ ಅದು ಆ ಕೆರೆಯದೇ ಲೆಕ್ಕ. ಆ ಕೆರೆಯಲ್ಲಿ ಮೀನುಮರಿ, ಹುಳು, ಮರೆ ಎಲ್ಲ ಇದೆ ಎಂದು ಅರ್ಥ. ಇನ್ನೂರು ಬಾತು ಕಂಡೆ ಎನ್ನುವವರಿಗಿಂತ ಆರು ಮರಿ ಕಂಡೆ ಎನ್ನುವವರ ಮಾತಿಗೆ ನಾನು ಬೆಲೆ ಜಾಸ್ತಿ ಕೊಡುತ್ತೇನೆ.

ಗಿಡ ಎಣಿಕೆ: ಯಾರೂ ಮಾಡದ, ಎಲ್ಲರೂ ಮಾಡಬೇಕಾದ ಕೆಲಸ

ಹಕ್ಕಿ ನೋಡುವವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಜೊಂಡು, ತುಂಗೆ ನೋಡುವವರು ಸಿಗುವುದು ಕಷ್ಟ. ಆದರೆ ಕೆರೆಯ ನಿಜವಾದ ಸ್ಥಿತಿ ಹೇಳುವುದು ಗಿಡವೇ. ಅದು ಹಾರಿಹೋಗುವುದಿಲ್ಲ. ನೀರು ಎಷ್ಟು ದಿನ ನಿಂತಿತು, ಎಷ್ಟು ಗೊಬ್ಬರ ಸೇರಿತು, ದನ ಎಷ್ಟು ತುಳಿದವು, ಎಲ್ಲಕ್ಕೂ ನಿಂತಲ್ಲೇ ಉತ್ತರ ಕೊಡುತ್ತದೆ.

ಮೂರು ದಾರಿ ಇವೆ.

ಒಂದು, ಫೋಟೊ. ಏರಿಯ ಮೇಲೆ ಒಂದು ಕಲ್ಲಿಗೆ ಬಣ್ಣ ಬಳಿದು, ಪ್ರತಿ ಸಲ ಅದೇ ಕಲ್ಲಿನ ಪಕ್ಕ ನಿಂತು, ಅದೇ ದಿಕ್ಕಿಗೆ ಮೊಬೈಲ್ ಹಿಡಿದು ಒಂದು ಫೋಟೊ. ಖರ್ಚು ಇಲ್ಲ, ಗಿಡದ ಹೆಸರು ಗೊತ್ತಿರಬೇಕಾಗಿಲ್ಲ. ಹಯಸಿಂತ್ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂತು, ಆಪು ಎಷ್ಟು ಜಾಗ ನುಂಗಿತು ಎನ್ನುವುದು ಎರಡು ವರ್ಷದ ಫೋಟೊಗಳನ್ನು ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ಸಣ್ಣ ಗಿಡಗಳು ಮಾತ್ರ ಇದರಲ್ಲಿ ಕಾಣುವುದಿಲ್ಲ.

ಎರಡು, ಚೌಕ. ಒಂದು ಮೀಟರ್ ಉದ್ದದ ನಾಲ್ಕು ಪಿವಿಸಿ ಪೈಪು ಜೋಡಿಸಿ ಚೌಕ ಮಾಡಿ. ಅದನ್ನು ನೆಲದ ಮೇಲೆ ಇಟ್ಟು ಒಳಗೆ ಯಾವ ಯಾವ ಗಿಡ ಇದೆ, ಒಂದೊಂದು ಎಷ್ಟು ಜಾಗ ಮುಚ್ಚಿದೆ ಎಂದು ಬರೆಯಿರಿ. ಕಾಲು ಭಾಗವೋ ಅರ್ಧವೋ ಎಂಬ ಅಂದಾಜು ಸಾಕು.

ಮೂರು, ಸಾಲು. ದಡದ ಮೇಲಿನಿಂದ ನೀರಿನ ಅಂಚು ದಾಟಿ ಸ್ವಲ್ಪ ಒಳಗಿನವರೆಗೆ ಒಂದು ಹಗ್ಗ ಎಳೆದು, ಐದೈದು ಮೀಟರಿಗೆ ಒಂದು ಚೌಕ ಇಡುವುದು.

ಕೆರೆಗೆ ನಾನು ಹೇಳುವುದು ಮೂರನೆಯದು. ಯಾಕೆಂದರೆ ಕೆರೆಯ ಗಿಡಗಳು ಪಟ್ಟೆ ಪಟ್ಟೆಯಾಗಿ ಬೆಳೆಯುತ್ತವೆ. ಮೇಲೆ ಒಣ ದಡದಲ್ಲಿ ಗರಿಕೆ, ಜಾಲಿ. ಸ್ವಲ್ಪ ಕೆಳಗೆ ತೇವ ಇರುವಲ್ಲಿ ಕೊನ್ನಾರಿಗಡ್ಡೆ, ಗರುಗ, ಒಂದೆಲಗ, ನೆಲಹಿಪ್ಪಲಿ. ನೀರಿನ ಅಂಚಿನಲ್ಲಿ ಹೊನಗೊನೆ, ಆಪು. ಒಳಗೆ ನೈದಿಲೆ, ಹೈಡ್ರಿಲ್ಲಾ. ಎಲ್ಲೋ ಒಂದು ಕಡೆ ಚೌಕ ಇಟ್ಟರೆ ಒಂದು ಪಟ್ಟೆ ಮಾತ್ರ ಸಿಗುತ್ತದೆ. ಹಗ್ಗ ಎಲ್ಲವನ್ನೂ ಹಾದು ಹೋಗುತ್ತದೆ. ಹೂಳೆತ್ತುವಾಗ ದಡವನ್ನು ಕಡಿದಾಗಿ ಬಗೆದು ಕೆರೆಯನ್ನು ಬಾಂಡ್ಲಿ ಥರ ಮಾಡಿಬಿಟ್ಟಿದ್ದರೆ ಈ ಪಟ್ಟೆಗಳೇ ಇರುವುದಿಲ್ಲ. ಮೇಲೆ ಗರಿಕೆ, ಕೆಳಗೆ ಆಳ ನೀರು, ಮಧ್ಯೆ ಏನೂ ಇಲ್ಲ. ಕಾಮಗಾರಿಯ ಗುಣಮಟ್ಟ ಹೇಳಲು ಇದಕ್ಕಿಂತ ಒಳ್ಳೆ ಅಳತೆ ನನಗೆ ಗೊತ್ತಿಲ್ಲ. ಬಿಲ್ಲಿನಲ್ಲಿ ಎಷ್ಟು ಘನ ಮೀಟರ್ ಮಣ್ಣು ಎತ್ತಿದರು ಎಂದು ಇರುತ್ತದೆ. ಎಷ್ಟು ಪಟ್ಟೆ ಉಳಿಯಿತು ಎಂದು ಯಾರೂ ಬರೆಯುವುದಿಲ್ಲ.

ಗಿಡ ಗುರುತಿಸಲು ಬಾಟನಿ ಓದಿರಬೇಕು ಎಂದೇನಿಲ್ಲ. ಆದರೆ ಕೆಲವು ಕಡೆ ಕಣ್ಣು ಹತ್ತಿರ ಒಯ್ಯಬೇಕು. ಉದಾಹರಣೆಗೆ ಹೊನಗೊನೆ ಸೊಪ್ಪು. ಅದೇ ಕುಲದ ಒಂದು ವಿದೇಶಿ ಕಳೆ ಇದೆ. ಅಲಿಗೇಟರ್ ವೀಡ್ ಎನ್ನುತ್ತಾರೆ. ಬೆಂಗಳೂರಿನ ಕೆರೆಗಳಲ್ಲಿ ಆಗಲೇ ಹರಡಿದೆ. ದೂರದಿಂದ ಎರಡೂ ಒಂದೇ. ಒಂದು ಟೊಂಗೆ ಕಿತ್ತು ನೋಡಿ. ನಮ್ಮ ಹೊನಗೊನೆಯಲ್ಲಿ ಬಿಳಿ ಹೂವಿನ ಗುಂಡು ಎಲೆಯ ಸಂದಿಗೇ ಅಂಟಿಕೊಂಡಿರುತ್ತದೆ, ತೊಟ್ಟು ಇರುವುದಿಲ್ಲ. ಅಲಿಗೇಟರ್ ವೀಡ್‌ನಲ್ಲಿ ಅದೇ ಬಿಳಿ ಗುಂಡು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ. ಕಾಂಡ ಮುರಿದರೆ ಒಳಗೆ ಕೊಳವೆಯ ಹಾಗೆ ಟೊಳ್ಳು. ಮುರಿದ ತುಂಡನ್ನು ಮತ್ತೆ ನೀರಿಗೆ ಎಸೆಯಬೇಡಿ. ಗೆಣ್ಣು ಇರುವ ಒಂದು ತುಂಡು ಸಾಕು, ಅದು ಹೊಸ ಗಿಡವಾಗುತ್ತದೆ. ಇದನ್ನು ಮೊದಲ ವರ್ಷದಲ್ಲೇ ಹಿಡಿದರೆ ಕೈಯಲ್ಲಿ ಕಿತ್ತು ಮುಗಿಸಬಹುದು. ಮೂರನೇ ವರ್ಷಕ್ಕೆ ಹಿಡಿದರೆ ಟೆಂಡರ್ ಕರೆಯಬೇಕಾಗುತ್ತದೆ.

ಕೆರೆ ಅಂಗಳದಲ್ಲಿ ಬೆರಕೆ ಸೊಪ್ಪು ಕೀಳುವ ಹೆಂಗಸರನ್ನು ಜೊತೆಗೆ ಕರೆದುಕೊಳ್ಳಿ. ಮಸ್ಸೊಪ್ಪಿಗೆ ಯಾವ ಸೊಪ್ಪು ಯಾವ ತಿಂಗಳು ಎಲ್ಲಿ ಸಿಗುತ್ತದೆ, ಹೂಳೆತ್ತಿದ ಮೇಲೆ ಯಾವುದು ಕಾಣೆಯಾಯಿತು ಎಂದು ಅವರು ಹೇಳುವಷ್ಟು ಖಚಿತವಾಗಿ ಯಾವ ಆ್ಯಪೂ ಹೇಳುವುದಿಲ್ಲ. ಅವರ ಸಮಯಕ್ಕೆ ಕೂಲಿ ಕೊಡಿ. ಸಂಪನ್ಮೂಲ ವ್ಯಕ್ತಿ ಎಂದು ಬಂದು ಭಾಷಣ ಮಾಡಿ ಹೋಗುವವರಿಗೆ ಕೊಡುತ್ತೀರಲ್ಲ, ಹಾಗೆ.

ಗಿಡ ಎಣಿಸಲು ಒಳ್ಳೆ ಕಾಲ ಎರಡು. ಮಳೆ ನಿಂತು ನೀರು ತುಂಬಿರುವ ನವೆಂಬರ್, ನೀರು ಇಳಿದು ಕೆಸರು ತೆರೆದಿರುವ ಫೆಬ್ರುವರಿ, ಮಾರ್ಚ್.

ಏರೋಪ್ಲೇನ್ ಚಿಟ್ಟೆಯೋ, ಕಪ್ಪೆಯೋ?

ಹಕ್ಕಿ ಮತ್ತು ಗಿಡದ ಜೊತೆ ಮೂರನೆಯದೊಂದನ್ನು ಸೇರಿಸುವುದಾದರೆ ಇವೆರಡರಲ್ಲಿ ಒಂದು. ಎರಡೂ ಅರ್ಧ ಬದುಕು ನೀರಿನಲ್ಲಿ, ಅರ್ಧ ಬದುಕು ಹೊರಗೆ ಕಳೆಯುತ್ತವೆ. ಹಾಗಾಗಿ ನೀರು ಕೆಟ್ಟರೂ ಗೊತ್ತಾಗುತ್ತದೆ, ದಡ ಕೆಟ್ಟರೂ ಗೊತ್ತಾಗುತ್ತದೆ.

ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರ್ಯಾಗನ್‌ಫ್ಲೈ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಬಿಸಿಲು ಇದ್ದಾಗ ಹಾರುತ್ತದೆ, ಬೆಳಗಿನ ಜಾವ ಏಳಬೇಕಾಗಿಲ್ಲ. ಹತ್ತು ಗಂಟೆಯಿಂದ ಹನ್ನೆರಡರವರೆಗೆ ನೀರಿನ ಅಂಚಿನಲ್ಲಿ ನೂರು ಮೀಟರ್ ನಿಧಾನವಾಗಿ ನಡೆದು ಎರಡೂ ಕಡೆ ಕಂಡದ್ದನ್ನು ಬರೆದರೆ ಆಯಿತು. ಮೊಬೈಲ್ ಫೋಟೊವನ್ನು ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಭಾರತದಲ್ಲಿ ಇವುಗಳ ಸುಮಾರು 500 ಜಾತಿಗಳಿವೆ. ಆದರೆ ಒಂದು ಬಯಲು ಸೀಮೆ ಕೆರೆಯಲ್ಲಿ ಕಾಣುವುದು ಕಲಿತು ಮುಗಿಸಬಹುದಾದಷ್ಟೇ.

ಇಲ್ಲೂ ಒಂದು ಎಚ್ಚರ. ಮುಂಗಾರು ಮುಗಿಯುವ ಹೊತ್ತಿಗೆ ಬಯಲಿನ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳು ಗುಂಪು ಗುಂಪಾಗಿ ಹಾರುವುದನ್ನು ನೋಡಿರುತ್ತೀರಿ. ಅದು ಪ್ಯಾಂಟಾಲಾ ಎಂಬ ಅಲೆಮಾರಿ. ಖಂಡ ದಾಟುವ ಕೀಟ. ಅದನ್ನು ಕೆರೆಯ ಲೆಕ್ಕಕ್ಕೆ ಸೇರಿಸಬೇಡಿ. ಇನ್ನೊಂದು, ಕಿತ್ತಳೆ ಬಣ್ಣದ ರೆಕ್ಕೆಯ, ನೀರಿನ ಅಂಚಿನಲ್ಲೇ ತಗ್ಗಿನಲ್ಲಿ ಕೂರುವ ಡಿಚ್ ಜ್ಯೂವೆಲ್. ಕೊಳಕು ನೀರು ಅದಕ್ಕೆ ಆಗಿಬರುತ್ತದೆ. ಕಂಡದ್ದೆಲ್ಲ ಬರೀ ಅದೇ ಆಗಿದ್ದರೆ ನೀರಿನ ಕಡೆ ಅನುಮಾನದಿಂದ ನೋಡಿ. ಜೊಂಡಿನ ಕಡ್ಡಿಗೆ ಅಂಟಿಕೊಂಡ, ಬೆನ್ನು ಸೀಳಿದ ಒಣ ಪೊರೆಗಳನ್ನೂ ಎಣಿಸಿ. ಅದು ಆ ಕೆರೆಯಲ್ಲೇ ಹುಟ್ಟಿ ಬೆಳೆದ ಕೀಟದ ಗುರುತು.

ಕಪ್ಪೆ ಎಣಿಕೆ ಕಿವಿಯ ಕೆಲಸ. ಮೊದಲ ದೊಡ್ಡ ಮಳೆಯ ರಾತ್ರಿ ಎಂಟರ ಮೇಲೆ ಏರಿಯ ಮೇಲೆ ಹತ್ತು ನಿಮಿಷ ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ನಿಂತರೆ ಸಾಕು. ಗೂಳಿಕಪ್ಪೆ ಗಂಡುಗಳು ಆ ಹೊತ್ತಿಗೆ ಅರಿಶಿನ ಬಳಿದುಕೊಂಡಂತೆ ಹಳದಿಯಾಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ. ಟಾರ್ಚ್ ಬಿಟ್ಟರೆ ಎದ್ದು ಕಾಣುತ್ತವೆ. ಕಷ್ಟ ಏನೆಂದರೆ ಆ ರಾತ್ರಿ ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಎರಡು ದಿನ ತಡವಾದರೆ ಜಾತ್ರೆ ಮುಗಿದಿರುತ್ತದೆ.

ಆಯ್ಕೆ ಹೀಗೆ: ಮಳೆ ಕೆರೆಯಾದರೆ ಕಪ್ಪೆ, ವರ್ಷಪೂರ್ತಿ ನೀರಿರುವ ಕೆರೆಯಾದರೆ ಏರೋಪ್ಲೇನ್ ಚಿಟ್ಟೆ. ಬೇಸಿಗೆಗೆ ಒಣಗುವ ಕೆರೆಯಲ್ಲಿ ಮೀನು ಉಳಿಯುವುದಿಲ್ಲ, ಗೊದಮೊಟ್ಟೆ ತಿನ್ನುವವರು ಕಡಿಮೆ. ನೀರು ಖಾಲಿಯಾಗದ, ಬಿತ್ತನೆ ಮೀನು ಬಿಟ್ಟ ಕೆರೆಯಲ್ಲಿ ನೀರಿನ ಮೇಲೆ ಜಾರುತ್ತಾ ಓಡುವ ಸಾಮಾನ್ಯ ಕಪ್ಪೆಯೇ ಎಲ್ಲ ಕಡೆ ಸಿಗುತ್ತದೆ. ಅದು ಕೆಟ್ಟ ನೀರನ್ನೂ ತಡೆದುಕೊಳ್ಳುತ್ತದೆ, ಹಾಗಾಗಿ ಅದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ.

ಮೀನು, ಮತ್ತು ಬಿಳಿ ಬೇಸಿನ್

ಮೀನು ಎಣಿಸಲು ನೀವೇ ಬಲೆ ಬೀಸಬೇಡಿ. ಕೆರೆಯ ಮೀನಿನ ಹಕ್ಕು ಟೆಂಡರಿನಲ್ಲಿ ಯಾರಿಗೋ ಹೋಗಿರುತ್ತದೆ, ಜಗಳ ಗ್ಯಾರಂಟಿ. ಮೀನು ಹಿಡಿಯುವ ದಿನ ದಡದಲ್ಲಿ ಕೂತು ಬುಟ್ಟಿ ನೋಡುವುದೇ ಒಳ್ಳೆಯದು. ಕಾಟ್ಲಾ, ರೋಹು, ಮೃಗಾಲ್ ಬಿತ್ತನೆಯವು. ಅವು ಇಲಾಖೆಯ ಲೆಕ್ಕ, ಕೆರೆಯ ಲೆಕ್ಕ ಅಲ್ಲ. ನೀವು ಕೇಳಬೇಕಾದ್ದು ಬುಟ್ಟಿಯ ತಳದಲ್ಲಿ ಉಳಿಯುವ ಸಣ್ಣ ಮೀನುಗಳ ಬಗ್ಗೆ ಮತ್ತು ಕೊರಮೀನಿನ ಬಗ್ಗೆ. ಜಿಲೇಬಿ ಮೀನು (ತಿಲಾಪಿಯಾ) ಎಷ್ಟು, ಸಾಕಣೆಗೆ ನಿಷೇಧ ಇದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ಬಂದಿದೆಯಾ ಎನ್ನುವುದನ್ನೂ ಬರೆದುಕೊಳ್ಳಿ. ಈ ಕ್ಯಾಟ್‌ಫಿಶ್ ಸಿಕ್ಕದ್ದನ್ನೆಲ್ಲ ತಿನ್ನುತ್ತದೆ. ಅದು ಒಂದು ಕೆರೆಗೆ ಬಂದರೆ ಕೋಡಿ ಹರಿದ ವರ್ಷ ಕೆಳಗಿನ ಕೆರೆಗೂ ಹೋಯಿತು ಎಂದೇ ತಿಳಿಯಿರಿ. ನಮ್ಮ ಕೆರೆಗಳು ಸರಪಳಿ ಅಲ್ವಾ.

ಬಿಳಿ ಬೇಸಿನ್ ವಿಧಾನ ಇನ್ನೂ ಸರಳ. ತಳದ ಕೆಸರು, ಎಲೆಕಸ ಸ್ವಲ್ಪ ಜಾಲರಿಯಲ್ಲಿ ತೆಗೆದು, ಬಿಳಿ ಪ್ಲಾಸ್ಟಿಕ್ ಬೇಸಿನ್ನಿಗೆ ಹಾಕಿ, ತಿಳಿ ನೀರು ಸುರಿದು ಐದು ನಿಮಿಷ ಸುಮ್ಮನೆ ಬಿಡಿ. ಒಂದೊಂದೇ ಹುಳು ಅಲುಗಾಡಲು ಶುರು ಮಾಡುತ್ತದೆ. ಮೇಫ್ಲೈ ಮರಿ, ಡ್ರ್ಯಾಗನ್‌ಫ್ಲೈ ಮರಿ, ಬಸವನಹುಳು, ನೀರುತಿಗಣೆ ಹೀಗೆ ಬಗೆಬಗೆಯವು ಕಂಡರೆ ಒಳ್ಳೆಯದು. ಬರೀ ಕೆಂಪು ದಾರದಂಥ ಹುಳುಗಳು ತುಂಬಿದ್ದರೆ ತಳದಲ್ಲಿ ಆಮ್ಲಜನಕ ಕಡಿಮೆ ಇದೆ. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ನಮ್ಮ ರಕ್ತದಲ್ಲಿ ಇರುವಂಥದ್ದೇ. ಉಸಿರು ಸಾಲದ ಕೆಸರಿನಲ್ಲೂ ಆ ಹುಳು ಬದುಕುವುದು ಅದರಿಂದಲೇ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ವಿಜ್ಞಾನ ಪಾಠ ಬೇಕಾ? ಸಂಸ್ಕರಿಸಿದ ನೀರಿನ ಕೆರೆಗೆ ಇದನ್ನು ಖಂಡಿತ ಸೇರಿಸಿ.

ಮೆಷಿನ್ನುಗಳ ವಿಷಯ

ಸ್ಯಾಟಲೈಟ್ ಚಿತ್ರ: ಖಂಡಿತ ಬಳಸಿ. ಪುಕ್ಕಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ 10 ಮೀಟರ್ ವಿವರದಲ್ಲಿ, ಐದು ದಿನಕ್ಕೊಮ್ಮೆ ಸಿಗುತ್ತದೆ. ಮೋಡ ಇದ್ದರೆ ಇಲ್ಲ. ಇದರ ದೊಡ್ಡ ಲಾಭ ಹಿಂದಕ್ಕೆ ಹೋಗಬಹುದು ಎನ್ನುವುದು. ಕಾಮಗಾರಿಗೆ ಮುಂಚೆ ಯಾರೂ ಏನೂ ಎಣಿಸಿರುವುದಿಲ್ಲ, ಅದು ನಮ್ಮ ಎಲ್ಲ ಕೆರೆಗಳ ಕಥೆ. ಆದರೆ 2017ರಲ್ಲಿ ನಿಮ್ಮ ಕೆರೆಯಲ್ಲಿ ನೀರು ಎಷ್ಟು ತಿಂಗಳು ಇತ್ತು, ಜಾಲಿ ಎಷ್ಟು ಹಬ್ಬಿತ್ತು ಎಂದು ಇವತ್ತು ಕೂತು ನೋಡಬಹುದು. ಮಿತಿ ಏನೆಂದರೆ ಅದಕ್ಕೆ ಹಸಿರು ಎಂದರೆ ಹಸಿರು. ಹಯಸಿಂತೋ ತಾವರೆಯೋ ಎಂದು ಹೇಳಲು ನೀವೇ ಕೆರೆಗೆ ಹೋಗಬೇಕು.

ಆಡಿಯೊ ರೆಕಾರ್ಡರ್: ಕಾಲೇಜಿಗೆ ಸರಿ. ಆಡಿಯೊಮಾತ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮರಕ್ಕೆ ಕಟ್ಟಿ ಬಂದರೆ ನೀವು ಹೇಳಿದ ಹೊತ್ತಿಗೆ ತಾನೇ ರೆಕಾರ್ಡ್ ಮಾಡುತ್ತದೆ. ಕಪ್ಪೆಗಳ ಆ ಒಂದು ರಾತ್ರಿ ತಪ್ಪಿಹೋಗುವ ತೊಂದರೆಗೆ ಇದೇ ಪರಿಹಾರ. ಆದರೆ ಗಂಟೆಗಟ್ಟಲೆ ರೆಕಾರ್ಡಿಂಗ್ ಕೇಳುವವರು ಯಾರು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಬರ್ಡ್‌ನೆಟ್‌ನಂಥ ಸಾಫ್ಟ್‌ವೇರ್ ಸಹಾಯ ಮಾಡುತ್ತದೆ, ಆದರೆ ಆಗಾಗ ಇಲ್ಲದ ಹಕ್ಕಿಯ ಹೆಸರನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಹೈವೇ ಪಕ್ಕದ ಕೆರೆಯಾದರೆ ಲಾರಿ ಸದ್ದು ಬಿಟ್ಟು ಬೇರೇನೂ ಸಿಗಲಿಕ್ಕಿಲ್ಲ.

ಡ್ರೋನ್: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಉದ್ಘಾಟನೆಯ ವಿಡಿಯೊಗೆ ಚೆಂದ. ಗೂಡಿನ ಮೇಲಿರುವ ಹಕ್ಕಿಯನ್ನು ಎಬ್ಬಿಸುತ್ತದೆ. ಒಂದು ಸಣ್ಣ ಕೆರೆಗೆ ಏರಿಯ ಮೇಲಿನ ಫೋಟೊ ಸಾಕು.

ಇನ್ನು ಈಗ ಎಲ್ಲರೂ ಕೇಳುವ ಇ-ಡಿಎನ್‌ಎ. ಲೋಟ ನೀರು ಸೋಸಿ, ಅದರಲ್ಲಿ ಪ್ರಾಣಿ ಗಿಡಗಳು ಬಿಟ್ಟ ಡಿಎನ್‌ಎ ಚೂರುಗಳನ್ನು ಲ್ಯಾಬಿನಲ್ಲಿ ಓದಿ, ಯಾವ ಯಾವ ಜೀವ ಇದೆ ಎಂದು ಹೇಳುವ ವಿಧಾನ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಒಳ್ಳೆಯ ವಿಜ್ಞಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕೆರೆಗಳಿಗೆ ಒಂದು ವಿಚಿತ್ರ ತೊಡಕಿದೆ. ಬೆಂಗಳೂರಿನ ಅಡುಗೆಮನೆ, ಬಚ್ಚಲುಮನೆಗಳಿಂದ ಹೊರಟ ನೀರು ಇದು. ಅಲ್ಲಿನ ಜನ ತಿಂದ ಕೋಳಿ, ಕುರಿ, ಸಮುದ್ರದ ಮೀನಿನ ಡಿಎನ್‌ಎಯ ಚೂರೂ ಸಂಸ್ಕರಣೆ ದಾಟಿ ಬರಬಹುದು. ನರಸಾಪುರದ ಹತ್ತಿರದ ಕೆರೆಯಲ್ಲಿ ಬಂಗುಡೆ ಸಿಕ್ಕಿತು ಎಂದು ವರದಿ ಬಂದರೆ ಆಶ್ಚರ್ಯಪಡಬೇಡಿ. ಸರಪಳಿ ಕೆರೆಗಳಲ್ಲಿ ಮೇಲಿನ ಕೆರೆಯ ಮೀನು ಕೆಳಗಿನ ಕೆರೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೂ ಸಾಧ್ಯ. ಎಷ್ಟು ಇದೆ ಎನ್ನುವುದನ್ನು ಇದು ಸರಿಯಾಗಿ ಹೇಳುವುದಿಲ್ಲ, ಇದೆ ಎಂದಷ್ಟೇ ಹೇಳುತ್ತದೆ. ಒಂದು ನಿರ್ದಿಷ್ಟ ಪ್ರಶ್ನೆ ಇದ್ದರೆ, ಉದಾಹರಣೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಈ ಸರಪಳಿಯಲ್ಲಿ ಎಲ್ಲಿಯವರೆಗೆ ಇಳಿದಿದೆ ಎಂದು ಹುಡುಕುವುದಾದರೆ, ಯೂನಿವರ್ಸಿಟಿಯವರ ಜೊತೆ ಸೇರಿ ಮಾಡಿಸಿ. ಸುಮ್ನೆ ಕುತೂಹಲಕ್ಕಾದರೆ ಆ ದುಡ್ಡಿನಲ್ಲಿ ಇಡೀ ವರ್ಷದ ಗಿಡ ಎಣಿಕೆ ಮುಗಿಯುತ್ತದೆ.

ಯಾರಿಗೆ ಯಾವುದು

ಒಂದು ಹಳ್ಳಿಯ ಕೆರೆ ಸಂಘ, ನಾಲ್ಕೈದು ಜನ, ದುಡ್ಡಿಲ್ಲ: ಕಲ್ಲಿನ ಪಕ್ಕದ ಫೋಟೊ ತಿಂಗಳಿಗೊಮ್ಮೆ, ಜನವರಿಯ ಹಕ್ಕಿ ಎಣಿಕೆ, ವರ್ಷಕ್ಕೆ ಎರಡು ಸಲ ಹಗ್ಗ ಎಳೆದು ಗಿಡ. ಇಷ್ಟನ್ನು ಐದು ವರ್ಷ ಬಿಡದೆ ಮಾಡಿದರೆ ಯಾವ ಕನ್ಸಲ್ಟೆಂಟ್ ವರದಿಗಿಂತಲೂ ಮೇಲು. ಒಂದೇ ಸಲ ತಂಡ ಕರೆಸಿ, ಮೂರು ದಿನ ಎಲ್ಲವನ್ನೂ ಎಣಿಸಿ, ಬಣ್ಣದ ಪುಸ್ತಕ ಮಾಡಿಸುವುದಕ್ಕಿಂತ ಇದೇ ಕೆರೆಗೆ ಉಪಯೋಗ. ಏನಿತ್ತು ಎನ್ನುವುದಕ್ಕಿಂತ ಏನು ಬದಲಾಗುತ್ತಿದೆ ಎನ್ನುವುದು ತಾನೇ ನಮಗೆ ಬೇಕಾದ್ದು?

ಶಾಲೆಯಾದರೆ ಬಿಳಿ ಬೇಸಿನ್ ಮತ್ತು ಏರೋಪ್ಲೇನ್ ಚಿಟ್ಟೆ. ಕಾಲೇಜಾದರೆ ಸ್ಯಾಟಲೈಟ್, ಆಡಿಯೊ, ಜೊತೆಗೆ ಸಾಕ್ಷಿ ಕೆರೆಯ ಜವಾಬ್ದಾರಿ. ಪಂಚಾಯಿತಿಗೆ ಬೇರೆಯೇ ಕೆಲಸ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಎಷ್ಟೋ ಕಡೆ ಅದು ಒಂದು ಸಲ ಬರೆದು ಬೀರುವಿಗೆ ಸೇರಿರುತ್ತದೆ. ನಿಮ್ಮ ಎಣಿಕೆಯ ನಕಲನ್ನು ಪ್ರತಿ ವರ್ಷ ಅದಕ್ಕೆ ಸೇರಿಸಲು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಇದು ಯಾಕೆ ಮುಖ್ಯ ಎಂದರೆ 2017ರ ಕೇಂದ್ರದ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ನಮ್ಮ ಕೆರೆಗಳೆಲ್ಲ ಹೆಚ್ಚುಕಡಿಮೆ ಅಂಥವೇ. ನಾಳೆ ಕೆರೆಯ ಮಧ್ಯೆ ವಾಕಿಂಗ್ ಪಾತ್, ಬೋಟಿಂಗ್ ಎಂದು ಯಾರಾದರೂ ಬಂದಾಗ ಇಲ್ಲಿ ಇಂಥ ಜೀವ ಇದೆ ಎಂದು ತೋರಿಸಲು ಕೈಯಲ್ಲಿ ಕಾಗದ ಇರಬೇಕು.

ದಾಖಲೆಯನ್ನು ಒಬ್ಬರ ಮೊಬೈಲಿನಲ್ಲಿ ಇಡಬೇಡಿ. ಒಂದು ಲಾಂಗ್ ನೋಟ್‌ಬುಕ್, ಅದರ ಪುಟಗಳ ಫೋಟೊ, ಜೊತೆಗೆ ಇ-ಬರ್ಡ್ ಅಥವಾ ಐನ್ಯಾಚುರಲಿಸ್ಟ್. ದಿನಾಂಕ, ಹೊತ್ತು, ಯಾರು ನೋಡಿದರು, ತೂಬಿನ ಕಲ್ಲಿನಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಇತ್ತು, ಇಷ್ಟು ಪ್ರತಿ ಸಲ ಬರೆಯಿರಿ. ನೀರಿನ ಮಟ್ಟ ಇಲ್ಲದ ಹಕ್ಕಿ ಲೆಕ್ಕ ಅರ್ಧ ಲೆಕ್ಕ. ಊರಿನಲ್ಲಿ ಹಳೆಯ ನೀರುಗಂಟಿಯ (ಕೆರೆ ನೀರು ಬಿಡುವ ಕೆಲಸದವರ) ಮನೆಯವರು ಇದ್ದರೆ ಆ ಕೆಲಸ ಅವರಿಗೇ ವಹಿಸಿ.

ಕೊನೆಗೆ, ನೀರಿಗೆ ಇಳಿಯುವ ವಿಷಯ. ಸಂಸ್ಕರಿಸಿದ ನೀರಿನ ಕೆರೆಯಲ್ಲಿ ಬೇಸಿನ್ ಕೆಲಸಕ್ಕೆ ಗಂಬೂಟು, ಗ್ಲೌಸ್ ಕಡ್ಡಾಯ, ಆಮೇಲೆ ಸೋಪು ಹಾಕಿ ಕೈ ತೊಳೆಯುವುದೂ ಕಡ್ಡಾಯ. ಅದಕ್ಕಿಂತ ದೊಡ್ಡ ಅಪಾಯ ಗುಂಡಿಗಳದು. ಹೂಳಿನ ಹೆಸರಿನಲ್ಲಿ ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಹೊಂಡ ಇರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಎಣಿಕೆಯನ್ನು ಮೇ ತಿಂಗಳಲ್ಲಿ, ಅಂಗಳ ಒಣಗಿರುವಾಗ ಶುರು ಮಾಡಿ. ಗುಂಡಿಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿಕೊಂಡು, ಹಗ್ಗದ ಸಾಲುಗಳನ್ನು ಅವುಗಳಿಂದ ದೂರಕ್ಕೆ ಹಾಕಿ. ಮಕ್ಕಳಿಗೆ ಆ ಸಾಲು ಬಿಟ್ಟು ಬೇರೆ ಎಲ್ಲೂ ನೀರಿಗೆ ಇಳಿಯಲು ಬಿಡಬೇಡಿ.